ಕಬ್ಬನ್ ಪಾರ್ಕಿನ ಪ್ರತಿಮೆಗಳು: ನೀರು ಇಳಿದ ಜಾಡು ಹಿಡಿದು ನೋಡಿ

ಕಬ್ಬನ್ ಪಾರ್ಕಿಗೆ ದಿನಾ ವಾಕಿಂಗ್ ಬರುವವರು ಮರಗಳನ್ನು ಗುರುತು ಹಿಡಿಯುತ್ತಾರೆ, ಬಿದಿರುಮೆಳೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಪ್ರತಿಮೆಗಳ ಹತ್ತಿರ ನಿಲ್ಲುವವರು ಮಾತ್ರ ಕಡಿಮೆ. ನಿಂತರೂ ಹೆಸರು ಓದಿ, ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಆದರೆ ನೂರು ವರ್ಷ ಬಯಲಲ್ಲಿ ನಿಂತ ಪ್ರತಿಮೆಯಲ್ಲಿ ಶಿಲ್ಪಿಯ ಕೆಲಸ ಅರ್ಧ, ಮಳೆಯ ಕೆಲಸ ಅರ್ಧ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡಲು ಕಲಿತರೆ ಯಾವ ಊರಿನ ಯಾವ ಪ್ರತಿಮೆಯನ್ನಾದರೂ ಓದಬಹುದು. ಕಲಿಯುವುದಕ್ಕೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಮೃತಶಿಲೆಯೂ ಕಂಚೂ ಎರಡೂ ಒಂದೇ ಉದ್ಯಾನದಲ್ಲಿ ಸಿಗುತ್ತವೆ, ನಡೆದೇ ನೋಡಬಹುದು.

ನೋಡಬೇಕಾದ ಹಳೆಯ ಪ್ರತಿಮೆಗಳು ಐದು: ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಮಾರ್ಕ್ ಕಬ್ಬನ್, ದಿವಾನ್ ಶೇಷಾದ್ರಿ ಅಯ್ಯರ್, ಚಾಮರಾಜೇಂದ್ರ ಒಡೆಯರ್. ನಿಧಾನವಾಗಿ ನೋಡಿದರೆ ಎರಡು ಗಂಟೆ ಬೇಕು. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಕೊನೆಗೆ ವಿಧಾನಸೌಧದ ನಿಲ್ದಾಣದಲ್ಲಿ ಹತ್ತಿದರೆ ಬಂದ ದಾರಿಯಲ್ಲೇ ವಾಪಸ್ ನಡೆಯಬೇಕಿಲ್ಲ. ಭಾನುವಾರ ಪಾರ್ಕಿನೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ರಸ್ತೆ ಮಧ್ಯದಲ್ಲಿ ನಿಂತು ನೋಡಬಹುದು. ಆದರೆ ಜನ ಜಾಸ್ತಿ. ವಾರದ ದಿನ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ ಹೋಗುವುದೇ ಮೇಲು. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು: ಕಲ್ಲು ಒಣಗುತ್ತಾ ಬರುವಾಗ ಒದ್ದೆ ಉಳಿದ ಜಾಗಗಳು ತಾವಾಗಿಯೇ ಎದ್ದು ಕಾಣುತ್ತವೆ. ಬಿರುಕು, ಸಂದು, ಸವೆದು ತೂತುಬಿದ್ದ ಕಲ್ಲು ಎಲ್ಲವೂ ಕೊನೆಗೆ ಒಣಗುವಂಥವು. ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಗುಲಾಬಿ ಟಬೂಬಿಯಾ ಹೂಬಿಟ್ಟಿರುತ್ತದೆ, ಕಣ್ಣಿಗೆ ಹಬ್ಬ. ಆದರೆ ನೀರಿನ ಜಾಡು ನೋಡಲು ಜೂನ್ ನಂತರದ ತಿಂಗಳುಗಳೇ ಸರಿ.

ಕೈಯಲ್ಲಿ ಫೋನು, ಒಂದು ಸಣ್ಣ ಟಾರ್ಚು, ಇದ್ದರೆ ಬೈನಾಕ್ಯುಲರ್. ಬೈನಾಕ್ಯುಲರ್ ಯಾಕೆ ಅಂದರೆ ಪೀಠಗಳು ಎತ್ತರ. ವಿಕ್ಟೋರಿಯಾ ಪ್ರತಿಮೆಯೇ 11 ಅಡಿ, ಅದರ ಕೆಳಗಿನ ಗ್ರಾನೈಟ್ ಪೀಠ 13 ಅಡಿ. ಅಂದರೆ ಮುಖ ಇರುವುದು ನೆಲದಿಂದ ಇಪ್ಪತ್ತು ಅಡಿಗೂ ಮೇಲೆ. ಪೀಠಕ್ಕೆ ಆತುಕೊಂಡು ನಿಂತರೆ ಕಾಣುವುದು ಗದ್ದದ ಅಡಿಭಾಗ ಮಾತ್ರ. ಮೂವತ್ತು ಅಡಿ ಹಿಂದೆ ಸರಿದು ಮೊದಲು ಇಡೀ ಆಕೃತಿ ನೋಡಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಆಮೇಲೆ ಹತ್ತಿರ ಹೋಗಿ. ಹಿಂಭಾಗವನ್ನು ಬಿಡಲೇಬೇಡಿ, ಮಳೆ ಹೊಡೆಯುವ ದಿಕ್ಕು ಯಾವುದು ಅಂತ ಗೊತ್ತಾಗುವುದು ಮುಂಭಾಗ, ಹಿಂಭಾಗ ಹೋಲಿಸಿದಾಗಲೇ.

ಎಂ.ಜಿ. ರಸ್ತೆ, ಕಸ್ತೂರ್ಬಾ ರಸ್ತೆ ಸೇರುವ ಮೂಲೆಯಲ್ಲಿ ವಿಕ್ಟೋರಿಯಾ ನಿಂತಿದ್ದಾಳೆ. ಒಂದು ಕಡೆ ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್, ಇನ್ನೊಂದು ಕಡೆ ಪೇಟೆ, ನಡುವೆ ಈ ಉದ್ಯಾನ. ಆ ಗಡಿಯಲ್ಲಿ ದಂಡಿನ ಕಡೆಯ ಅಂಚು ಇದು. ಕೆತ್ತಿದವರು ಸರ್ ಥಾಮಸ್ ಬ್ರಾಕ್, ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಎದುರಿನ ವಿಕ್ಟೋರಿಯಾ ಸ್ಮಾರಕ ಮಾಡಿದವರೂ ಅವರೇ. 1906ರ ಫೆಬ್ರವರಿ 5ರಂದು ಅಂದಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವರು, ಇದನ್ನು ಅನಾವರಣ ಮಾಡಿದರು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಅಮೃತಶಿಲೆಯ ಪಾಠ ಇಲ್ಲೇ ಆಗಬೇಕು. ಅಮೃತಶಿಲೆ ಅಂದರೆ ಮೂಲದಲ್ಲಿ ಸುಣ್ಣದ ಕಲ್ಲು. ಮಳೆನೀರು ಸ್ವಲ್ಪ ಹುಳಿಯಾಗಿಯೇ ಬೀಳುತ್ತದೆ, ಊರಿನ ಹೊಗೆ ಸೇರಿದರೆ ಹುಳಿ ಇನ್ನೂ ಹೆಚ್ಚು. ಆ ನೀರು ನೇರವಾಗಿ ಬೀಳುವ ತಲೆ, ಹೆಗಲು, ಮುಂಗೈಗಳಲ್ಲಿ ಕಲ್ಲು ಬೆಳ್ಳಗೆ ತೊಳೆದಂತಿರುತ್ತದೆ, ಚೊಕ್ಕಟವಾಗಿದೆ ಅನಿಸುತ್ತದೆ. ನಿಜವಾಗಿ ಸವೆಯುತ್ತಿರುವ ಜಾಗ ಅದೇ. ಬೈನಾಕ್ಯುಲರಿನಲ್ಲಿ ನೋಡಿ: ನುಣುಪು ಹೋಗಿ ಸಕ್ಕರೆ ಉದುರಿಸಿದ ಹಾಗೆ ಹರಳುಹರಳಾಗಿ ಕಂಡರೆ, ಹರಳುಗಳನ್ನು ಹಿಡಿದಿಟ್ಟುಕೊಂಡಿದ್ದ ಸಂದುಗಳನ್ನು ನೀರು ತಿಂದಿದೆ ಅಂತ ಅರ್ಥ. ಕಪ್ಪಾಗುವುದು ಮಳೆ ನೇರವಾಗಿ ತಾಗದ ಜಾಗ: ತೋಳಿನ ಅಡಿ, ನಿಲುವಂಗಿಯ ನೆರಿಗೆಗಳ ಒಳಮೈ, ಗದ್ದದ ಕೆಳಗು. ಅಲ್ಲಿ ಸುಣ್ಣವೂ ಗಾಳಿಯ ಗಂಧಕವೂ ಸೇರಿ ಜಿಪ್ಸಮ್ ಆಗಿ, ಅದರೊಳಗೆ ಮಸಿ ಸಿಕ್ಕಿಕೊಂಡು ಪದರ ಕಟ್ಟುತ್ತದೆ. ಈ ಕಪ್ಪು ಪದರ ಒಂದು ದಿನ ಚಕ್ಕೆಯಾಗಿ ಎದ್ದಾಗ ಜೊತೆಗೆ ಕಲ್ಲಿನ ಮೇಲ್ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ನೆರಳಿನ, ತೇವದ ಬದಿಯಲ್ಲಿ ಹಬ್ಬುವ ಹಸಿರು ಅಥವಾ ಕಪ್ಪು ಪಾಚಿ ಬೇರೆ ಜಾತಿ, ಅದು ಮಳೆಗಾಲಕ್ಕೆ ಗಾಢವಾಗಿ ಬೇಸಿಗೆಗೆ ಮಂಕಾಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ಅರ್ಧ ಕಲಿತ ಹಾಗೆ.

ಉಡುಪಿನ ಅಂಚುಗಳೇ ಪರೀಕ್ಷೆಯ ಜಾಗ. ಹೆಗಲ ಮೇಲಿನ ಕೆತ್ತನೆಯ ಗೆರೆ ಎಷ್ಟು ಮೊಂಡಾಗಿದೆ, ತೋಳಿನ ಮರೆಯಲ್ಲಿರುವ ಅಂಥದೇ ಗೆರೆ ಎಷ್ಟು ಚೂಪಾಗಿದೆ ಅಂತ ಹೋಲಿಸಿ. ಆ ಎರಡರ ನಡುವಿನ ವ್ಯತ್ಯಾಸವೇ 1906ರಿಂದ ಬಿದ್ದ ಮಳೆಯ ಲೆಕ್ಕ.

ಏಳನೇ ಎಡ್ವರ್ಡನ ಪ್ರತಿಮೆಯೂ ಪಾರ್ಕಿನ ಇದೇ ಅಂಚಿನಲ್ಲಿದೆ, ನಿಂತದ್ದು 1919ರಲ್ಲಿ. ತಾಯಿಯಲ್ಲಿ ಕಲಿತದ್ದನ್ನು ಮಗನಲ್ಲಿ ಒಮ್ಮೆ ಪರೀಕ್ಷಿಸಿ ಒಳಗೆ ನಡೆಯಿರಿ.

ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಕುದುರೆಯ ಮೇಲೆ ಕೂತಿರುವವರು ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಕೆಲಸ ಬಿಟ್ಟು ಊರಿಗೆ ಹೊರಟವರು ಅದೇ ವರ್ಷ ದಾರಿಯಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡರು. ಈ ಕಂಚಿನ ಪ್ರತಿಮೆ ಮಾಡಿದವರು ಬ್ಯಾರನ್ ಮಾರೊಕೆಟ್ಟಿ. ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ ಕತ್ತಿ ಎತ್ತಿ ಕುದುರೆ ಮೇಲೆ ಕೂತ ರಿಚರ್ಡ್ ದೊರೆಯ ಪ್ರತಿಮೆಯೂ ಅವರದೇ. ಕಬ್ಬನ್ ಪ್ರತಿಮೆ ನಿಂತದ್ದು 1866ರಲ್ಲಿ. ಅಂದರೆ ಇದು 1868ರಲ್ಲಿ ಮುಗಿದ ಅಠಾರಾ ಕಚೇರಿಗಿಂತ ಹಳೆಯದು, 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನಕ್ಕಿಂತಲೂ ಹಳೆಯದು. ಮೊದಲು ಪೆರೇಡ್ ಮೈದಾನದಲ್ಲಿತ್ತು, ಆಮೇಲೆ ಬಹುಕಾಲ ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ ಎದುರಿತ್ತು, 2020ರಲ್ಲಿ ಪಾರ್ಕಿನೊಳಕ್ಕೆ ಬಂತು.

ಇಷ್ಟು ದೊಡ್ಡದನ್ನು ಹೀಗೆ ಎತ್ತಿ ಒಯ್ಯಲು ಆಗುವುದು ಅದು ಒಳಗೆ ಟೊಳ್ಳಾಗಿರುವುದರಿಂದ. ಎರಕದ ಕಂಚು ಕೆಲವೇ ಮಿಲಿಮೀಟರ್ ದಪ್ಪ. ದೊಡ್ಡ ಪ್ರತಿಮೆಯನ್ನು ಒಂದೇ ಸಲ ಎರಕ ಹೊಯ್ಯುವುದು ಕಷ್ಟ. ಭಾಗಭಾಗವಾಗಿ ಹೊಯ್ದು ಸೇರಿಸುತ್ತಾರೆ. ಆ ಸೇರಿಕೆಯ ಗೆರೆಗಳನ್ನು ಹುಡುಕುವುದೇ ಒಂದು ಸಂತೋಷ: ಕುದುರೆಯ ಹೊಟ್ಟೆಯ ಅಡಿ, ಕತ್ತು ಮೈಗೆ ಕೂಡುವ ಜಾಗ, ಸವಾರನ ಸೊಂಟ, ಜೀನಿನ ಅಂಚು. ಒಳ್ಳೆಯ ಎರಕದವರು ಗೆರೆಯನ್ನು ಬೆಲ್ಟಿನ ಅಥವಾ ಪಟ್ಟಿಯ ಮರೆಗೆ ತರುತ್ತಾರೆ. ಮೈಮೇಲೆ ಅಲ್ಲಲ್ಲಿ ಚೌಕದ ಅಥವಾ ದುಂಡನೆಯ ಸಣ್ಣ ತೇಪೆ ಕಂಡರೆ ಅದು ಒಡೆದದ್ದಲ್ಲ, ಎರಕದ ತೂತನ್ನು ಆಗಲೇ ಮುಚ್ಚಿದ ಗುರುತು. ಗಾಬರಿಪಡಬೇಕಾದದ್ದು ಸಂದಿನಿಂದ ಇಳಿದ ಕೆಂಪು ತುಕ್ಕಿನ ಗೆರೆ ಕಂಡರೆ. ಕಂಚು ತುಕ್ಕು ಹಿಡಿಯುವುದಿಲ್ಲ. ಕೆಂಪು ಇಳಿದಿದ್ದರೆ ಒಳಗಿನ ಆಸರೆಯ ಕಬ್ಬಿಣಕ್ಕೆ ನೀರು ಮುಟ್ಟಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನದನ್ನು ಸೀಳುತ್ತದೆ. ಹಾಗಾಗಿಯೇ ಇಂಥ ಪ್ರತಿಮೆಗಳ ತಳದಲ್ಲೋ ಹೊಟ್ಟೆಯಡಿಯಲ್ಲೋ ಒಳಗೆ ಸೇರಿದ ನೀರು ಬಸಿಯಲು ಸಣ್ಣ ತೂತು ಬಿಟ್ಟಿರುತ್ತಾರೆ. ಬಣ್ಣವೋ ಮಣ್ಣೋ ಕಣಜದ ಗೂಡೋ ಅದನ್ನು ಮುಚ್ಚಿದರೆ ಕೆಡುಕು ಅಲ್ಲಿಂದ ಶುರು.

ಕಂಚಿನ ಬಣ್ಣದಲ್ಲೂ ನೀರಿನ ಜಾಡೇ ಇರುವುದು. ಮಳೆ ಹರಿಯುವ ದಾರಿಯಲ್ಲಿ ತಿಳಿಹಸಿರು ಕಿಲುಬು, ಮರೆಯಲ್ಲಿ ಗಾಢ ಕಂದು ಅಥವಾ ಕಪ್ಪು. ಒಂದೇ ಸಮನಾಗಿ ಹಬ್ಬಿದ ಗಟ್ಟಿ ಕಿಲುಬು ಒಳಗಿನ ಲೋಹವನ್ನು ಕಾಪಾಡುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆ ಮಾತ್ರ ರೋಗದ ಲಕ್ಷಣ. ಕುದುರೆಯ ಬೆನ್ನು, ಸವಾರನ ತಲೆ ಹಕ್ಕಿಗಳಿಗೆ ಪ್ರಿಯವಾದ ಜಾಗ. ಹಿಕ್ಕೆಯ ಹುಳಿ ಕಂಚನ್ನೂ ಅಮೃತಶಿಲೆಯನ್ನೂ ತಿನ್ನುತ್ತದೆ.

ಕುದುರೆ ಒಂದು ಕಾಲು ಎತ್ತಿದ್ದರೆ ಸವಾರ ಗಾಯದಿಂದ ಸತ್ತ, ಎರಡು ಎತ್ತಿದ್ದರೆ ಯುದ್ಧದಲ್ಲಿ ಸತ್ತ ಅನ್ನುವ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಶಿಲ್ಪಿಗಳಲ್ಲಿ ಅಂಥ ನಿಯಮ ಯಾವತ್ತೂ ಇರಲಿಲ್ಲ. ಎಷ್ಟು ಕಾಲು ನೆಲಕ್ಕಿರಬೇಕು ಅನ್ನುವುದರಲ್ಲಿ ಭಾರದ ಲೆಕ್ಕಕ್ಕೆ ದೊಡ್ಡ ಪಾಲು. ಕಂಚಿನ ಕುದುರೆಗಳಲ್ಲಿ ಮೂರು ಕಾಲು ನೆಲದಲ್ಲಿರುವುದೇ ಹೆಚ್ಚು.

ಒಂದು ಮಾತು ಇಲ್ಲೇ ಹೇಳಬೇಕು. ಮನೆಯಲ್ಲಿ ಹಿತ್ತಾಳೆ ದೀಪ, ತಾಮ್ರದ ಚೊಂಬು ಬೆಳಗಲು ಹುಣಸೆಹಣ್ಣು ಹಾಕುವವರು ನಾವು. ಜಯಂತಿಯ ಹಿಂದಿನ ದಿನ ಪ್ರತಿಮೆಗೂ ಹಾಗೇ ಮಾಡಬೇಕೆನ್ನುವ ಉತ್ಸಾಹ ಎಲ್ಲ ಊರಲ್ಲೂ ಇದೆ. ದಯವಿಟ್ಟು ಬೇಡ. ಹುಣಸೆ, ನಿಂಬೆ, ಬಾತ್‌ರೂಮಿನ ಆಸಿಡ್ ಎಲ್ಲವೂ ಕಂಚಿನ ಕಿಲುಬನ್ನು ಕಿತ್ತು ಹಸಿ ಲೋಹವನ್ನು ಮಳೆಗೆ ಒಡ್ಡುತ್ತವೆ. ಅಮೃತಶಿಲೆಯ ಮೇಲಂತೂ ನೊರೆ ಬರುತ್ತದೆ. ಆ ನೊರೆ ಕೊಳೆಯದಲ್ಲ, ಕಲ್ಲೇ ಕರಗುತ್ತಿರುವುದು. ಅರಿಶಿನ, ಕುಂಕುಮ, ಎಣ್ಣೆ ಅಮೃತಶಿಲೆಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ಹಾರ ಹಾಕಲೇಬೇಕೆಂದರೆ ದಾರದ ಹಾರ ಹಾಕಿ, ತಂತಿಯದು ಗೀರುತ್ತದೆ. ಮಾರನೆಯ ದಿನವೇ ತೆಗೆಯಿರಿ, ಕೊಳೆತ ಹೂವಿನ ನೀರು ಕಲೆ ಬಿಡುತ್ತದೆ. ಕಂಚಿಗೆ ಬಂಗಾರದ ಬಣ್ಣದ ಪೇಂಟ್ ಬಳಿದರೆ ಉಳಿಯ ಸೂಕ್ಷ್ಮ ಗೆರೆಗಳೆಲ್ಲ ತುಂಬಿ ಮುಖ ಮೊಂಡಾಗುತ್ತದೆ, ಒಳಗಿನ ಕೆಡುಕೂ ಕಣ್ಣಿಗೆ ಬೀಳುವುದಿಲ್ಲ.

ಬ್ಯಾಂಡ್‌ಸ್ಟ್ಯಾಂಡಿನಿಂದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೆ ನಡೆಯಿರಿ. ಕೆಂಪು ಬಣ್ಣದ ಈ ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ, ಎದುರಿಗೆ ಗುಲಾಬಿ ತೋಟ. 1883ರಿಂದ 1901ರವರೆಗೆ ದಿವಾನರಾಗಿದ್ದ ಅಯ್ಯರ್ ಅವರ ಕಾಲದಲ್ಲೇ ಶಿವನಸಮುದ್ರದ ವಿದ್ಯುತ್ ಯೋಜನೆ ಕೈಗೆತ್ತಿಕೊಂಡದ್ದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯುವಷ್ಟರಲ್ಲಿ ಅವರೇ ಇರಲಿಲ್ಲ. ಇಲ್ಲಿರುವ ಅವರ ಪ್ರತಿಮೆಯ ಫೋಟೊ ತೆಗೆಯುವಾಗ ಎಡವುವವರು ಹೆಚ್ಚು. ಗಾಢ ಬಣ್ಣದ ಪ್ರತಿಮೆಯ ಹಿಂದೆ ಬಿಳಿ ಆಕಾಶ ಬಂದರೆ ಫೋನು ಆಕಾಶಕ್ಕೆ ಬೆಳಕು ಹೊಂದಿಸಿ ಮುಖವನ್ನು ಮಸಿ ಮಾಡುತ್ತದೆ. ಮುಖದ ಮೇಲೆ ಒತ್ತಿ ಹಿಡಿದು, ಬೆಳಕಿನ ಗುರುತನ್ನು ಒಂದು ಹಂತ ಮೇಲಕ್ಕೆ ಎಳೆಯಿರಿ; ಅಥವಾ ಹಿಂದೆ ಕೆಂಪು ಗೋಡೆಯೋ ಮರವೋ ಬರುವಂತೆ ಜಾಗ ಬದಲಿಸಿ. ಬಿಳಿ ಅಮೃತಶಿಲೆಗೆ ಇದರ ಉಲ್ಟಾ: ಹಿಂದೆ ಕಪ್ಪು ಮರಗಳಿದ್ದರೆ ಬಿಳುಪು ಸುಟ್ಟುಹೋಗಿ ನೆರಿಗೆಗಳೇ ಕಾಣುವುದಿಲ್ಲ, ಬೆಳಕು ಮುಕ್ಕಾಲು ಹಂತ ಇಳಿಸಿ.

ಪೀಠದ ಬರಹ ಸವೆದಿದ್ದರೆ ಸೀಮೆಸುಣ್ಣ ತಿಕ್ಕಬೇಡಿ. ಟಾರ್ಚನ್ನು ಕಲ್ಲಿಗೆ ಬಹುತೇಕ ಒರಗಿಸಿ ಪಕ್ಕದಿಂದ ಬೆಳಕು ಬಿಡಿ, ಅಕ್ಷರದ ತಗ್ಗುಗಳಲ್ಲಿ ನೆರಳು ತುಂಬಿ ಓದಲು ಬರುತ್ತದೆ. ಸೀಸ ತುಂಬಿ ಕೂರಿಸಿದ ಅಕ್ಷರಗಳಾದರೆ ಸೀಸ ಉದುರಿದ ಮೇಲೂ ಅದನ್ನು ಹಿಡಿಯಲು ಕೊರೆದ ಸಣ್ಣ ಗುಳಿಗಳು ಉಳಿದಿರುತ್ತವೆ, ಅವುಗಳ ಸಾಲಿನಿಂದಲೇ ಅಕ್ಷರ ಊಹಿಸಬಹುದು. ಶಿಲ್ಪಿಯ ಸಹಿಗಾಗಿ ಪೀಠವನ್ನು ಹುಡುಕಿ ಪ್ರಯೋಜನವಿಲ್ಲ. ಅದು ಸಾಮಾನ್ಯವಾಗಿ ಪ್ರತಿಮೆಯ ಕಾಲಬುಡದ ತೆಳು ತಳದ ಅಂಚಿನಲ್ಲಿರುತ್ತದೆ, ಬೈನಾಕ್ಯುಲರ್ ಮತ್ತೆ ಕೆಲಸಕ್ಕೆ ಬರುವುದು ಅಲ್ಲಿಯೇ.

ಚಾಮರಾಜೇಂದ್ರ ಒಡೆಯರ್ ಪ್ರತಿಮೆ ಕೊಳದ ಎದುರಿದೆ. 1881ರಲ್ಲಿ ರಾಜ್ಯ ಬ್ರಿಟಿಷರಿಂದ ಮರಳಿ ಅರಸರ ಕೈಗೆ ಬಂದಾಗ ಆಡಳಿತ ವಹಿಸಿಕೊಂಡವರು ಇವರು. 1927ರಲ್ಲಿ ಉದ್ಯಾನಕ್ಕೆ ಇವರ ಹೆಸರೇ ಇಟ್ಟರು. ಶ್ರೀ ಚಾಮರಾಜೇಂದ್ರ ಉದ್ಯಾನ ಅನ್ನುವುದು ಇಂದಿಗೂ ಅದರ ಅಧಿಕೃತ ಹೆಸರು. ಮೈಸೂರಿಗೆ ಹೋದಾಗ ಚಾಮರಾಜ ವೃತ್ತದಲ್ಲಿ ಇದೇ ಅರಸರ ಪ್ರತಿಮೆ ನೋಡಿ. ಅಲ್ಲಿ ಅದು ಮಂಟಪದೊಳಗಿದೆ, ಕೆ.ಆರ್. ವೃತ್ತದ ಕೃಷ್ಣರಾಜ ಒಡೆಯರ್ ಪ್ರತಿಮೆಯೂ ಹಾಗೆಯೇ. ತಲೆಯ ಮೇಲೊಂದು ಸೂರು ಇದ್ದರೆ ಕಲ್ಲಿಗೆ ಎಷ್ಟು ವ್ಯತ್ಯಾಸ ಅನ್ನುವುದು ಬೆಂಗಳೂರಿನ ಬಯಲ ಪ್ರತಿಮೆಗಳನ್ನು ನೋಡಿ ಹೋದವರಿಗೆ ಕಣ್ಣಿಗೆ ಹೊಡೆದಂತೆ ತಿಳಿಯುತ್ತದೆ.

ಇನ್ನೊಂದು ಬೆಳಗು ಬಿಡುವಿದ್ದರೆ ಲಾಲ್‌ಬಾಗ್. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಪಶ್ಚಿಮ ಗೇಟಿನ ಹತ್ತಿರವೇ. ಗಾಜಿನ ಮನೆಯ ಕಡೆ ಹೋಗುವ ದೊಡ್ಡ ರಸ್ತೆಯಲ್ಲಿ ಚಾಮರಾಜೇಂದ್ರ ಒಡೆಯರೇ ಕುದುರೆ ಏರಿ ಕೂತಿದ್ದಾರೆ; ಕಬ್ಬನ್‌ರ ಕುದುರೆಯ ಪಕ್ಕಕ್ಕಿಟ್ಟು ಹೋಲಿಸಲು ಬೇರೆ ಜೋಡಿ ಬೇಕಿಲ್ಲ. ಜನವರಿ 26, ಆಗಸ್ಟ್ 15ರ ಸುತ್ತಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಪ್ರತಿಮೆ ನೋಡಲು ಹೋಗಬೇಡಿ, ನಿಲ್ಲಲೂ ಜಾಗವಿರುವುದಿಲ್ಲ.

ಎಲ್ಲಿ ಹೋದರೂ ಪೀಠದ ಕಲ್ಲುಗಳ ಸಂದು ನೋಡದೆ ಬರಬೇಡಿ. ಹಕ್ಕಿಗಳು ಅರಳಿ, ಆಲ, ಬಸರಿಯ ಹಣ್ಣು ತಿಂದು ಪ್ರತಿಮೆಯ ಮೇಲೆ ಕೂರುತ್ತವೆ, ಹಿಕ್ಕೆಯಲ್ಲಿ ಬಂದ ಬೀಜ ಸಂದಿನ ತೇವದಲ್ಲಿ ಮೊಳೆಯುತ್ತದೆ. ಎರಡೆಲೆಯ ಸಸಿಯ ಬೇರು ಇನ್ನೂ ದಾರದಷ್ಟು ತೆಳು. ಒಂದು ಮಳೆಗಾಲ ಬಿಟ್ಟರೆ ಗೇಣುದ್ದ ಗಿಡ, ಬೇರು ಕಲ್ಲಿನ ಹಿಂದಕ್ಕೆ ಹೋಗಿರುತ್ತದೆ. ಆಗ ಎಳೆದರೆ ಸಂದಿನ ಗಾರೆಯೂ ಕೂಡಿ ಬರುತ್ತದೆ. ಅಂಥದ್ದು ಕಂಡರೆ ನೀವು ಕೀಳಬೇಡಿ. ಯಾವ ಪ್ರತಿಮೆ, ಪೀಠದ ಯಾವ ಬದಿ, ನೆಲದಿಂದ ಎಷ್ಟನೆಯ ಕಲ್ಲು ಎಂದು ಬರೆದುಕೊಂಡು, ಹತ್ತಿರದ ಒಂದು ಫೋಟೊ, ದೂರದ ಒಂದು ಫೋಟೊ ತೆಗೆದು ಪಾರ್ಕಿನಲ್ಲೇ ಇರುವ ತೋಟಗಾರಿಕೆ ಇಲಾಖೆಯ ಕಚೇರಿಗೆ ಕೊಡಿ.