ಒಂದೇ ಬನ್ನಿಗೆ ಊರಿಗೊಂದು ಹೆಸರು: ಬ್ರಿಟನ್ನಿನ ಬೇಕರಿ ಪಟ್ಟಿ ನೋಡಿಕೊಳ್ಳುತ್ತಾ ಕಲಿತದ್ದು

ನಾನು ಕೂರುವುದು ಬೆಂಗಳೂರಿನ ಆಫೀಸಿನಲ್ಲಿ, ಕೆಲಸ ಬ್ರಿಟನ್ನಿನ ಒಂದು ದಿನಸಿ ಕಂಪನಿಗೆ. ಅವರ ವೆಬ್‌ಸೈಟಿನಲ್ಲಿ ಯಾವ ಸಾಮಾನಿಗೆ ಯಾವ ಹೆಸರು ಹಾಕಬೇಕು, ಜನ ಏನು ಟೈಪ್ ಮಾಡಿದರೆ ಏನು ತೋರಿಸಬೇಕು ಅಂತ ನೋಡಿಕೊಳ್ಳುವ ಟೀಮ್ ನಮ್ಮದು. ಸೋಪು, ಹಾಲು, ಟಿಶ್ಯೂ ಪೇಪರ್ ವಿಷಯದಲ್ಲಿ ತಲೆನೋವಿಲ್ಲ. ಬೇಕರಿ ವಿಭಾಗ ಮಾತ್ರ ಬೇರೆಯೇ ಲೋಕ. ಇದೇ ಥರದ ಕೆಲಸಕ್ಕೆ ಹೊಸದಾಗಿ ಸೇರುವವರು ಜಾಸ್ತಿ ಆಗುತ್ತಿದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸಾದಾ ಬನ್ನು ತಗೊಳ್ಳಿ. ಅಂಗೈಯಗಲ, ದುಂಡಗೆ, ಸಿಹಿ ಇಲ್ಲ. ಅಡ್ಡಕ್ಕೆ ಕೊಯ್ದು ಬೆಣ್ಣೆ ಸವರಿ ಒಳಗೆ ಮೊಟ್ಟೆಯನ್ನೋ ಬೇಕನ್ ಅನ್ನೋ ಇಟ್ಟು ತಿನ್ನುತ್ತಾರೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಇದು ರೋಲ್. ಮ್ಯಾಂಚೆಸ್ಟರ್ ಕಡೆ ಬಾರ್ಮ್, ಪೂರ್ತಿ ಹೇಳಿದರೆ ಬಾರ್ಮ್ ಕೇಕ್. ನಾಟಿಂಗ್‌ಹ್ಯಾಮ್, ಡರ್ಬಿ, ಲೆಸ್ಟರ್ ಕಡೆ ಕಾಬ್. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಕವೆಂಟ್ರಿಗೆ ಬಂದರೆ ಅದೇ ಬನ್ನು ಬ್ಯಾಚ್. ಶೆಫೀಲ್ಡಿನಲ್ಲಿ ಬ್ರೆಡ್‌ಕೇಕ್, ಓಲ್ಡಮ್ ಮತ್ತು ರಾಚ್‌ಡೇಲ್ ಕಡೆ ಮಫಿನ್. ಬ್ಯಾಪ್ ಅನ್ನುವವರು ಅಲ್ಲಲ್ಲಿ ಎಲ್ಲಾ ಕಡೆ ಸಿಗುತ್ತಾರೆ. ಚಿಪ್ಸ್ ಅಂಗಡಿಗೆ ಹೋಗಿ ಬನ್ನಿನೊಳಗೆ ಬಿಸಿ ಚಿಪ್ಸ್ (ನಾವು ಫ್ರೆಂಚ್ ಫ್ರೈಸ್ ಅನ್ನುವ ಥರದ್ದು) ತುಂಬಿಸಿಕೊಂಡರೆ ಮ್ಯಾಂಚೆಸ್ಟರಿನಲ್ಲಿ ಅದು ಚಿಪ್ ಬಾರ್ಮ್, ನಾಟಿಂಗ್‌ಹ್ಯಾಮಿನಲ್ಲಿ ಚಿಪ್ ಕಾಬ್.

ಬಾರ್ಮ್ ಅಂದರೆ ಬಿಯರ್ ಹುದುಗುವಾಗ ಮೇಲೆ ಬರುವ ನೊರೆ. ಅಂಗಡಿಯಲ್ಲಿ ಯೀಸ್ಟ್ ಸಿಗದ ಕಾಲದಲ್ಲಿ ಆ ನೊರೆಯನ್ನೇ ತಂದು ಹಿಟ್ಟು ಹುದುಗಿಸುತ್ತಿದ್ದರು. ಈಗ ಯಾರೂ ಹಾಗೆ ಮಾಡುವುದಿಲ್ಲ, ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ.

ಇಲ್ಲಿಯವರೆಗೆ ಯಾರಿಗಾದರೂ ಹೊಳೆಯುವುದು ಒಂದೇ ಉಪಾಯ. ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿ ಬ್ರೆಡ್ ರೋಲ್ ಅಂತ ಬರೆದು, ಉಳಿದವನ್ನು ಪರ್ಯಾಯ ಪದಗಳಾಗಿ ಹುಡುಕಾಟಕ್ಕೆ ಸೇರಿಸಿದರೆ ಆಯ್ತು. ನಮಗಿಂತ ಮುಂಚಿನ ಪಟ್ಟಿಯೂ ಹಾಗೇ ಇತ್ತು. ಅದರ ತೊಂದರೆ ಗೊತ್ತಾಗಬೇಕಾದರೆ ಸ್ಟಾಟಿ ನೋಡಬೇಕು.

ಸ್ಟಾಟಿ ನ್ಯೂಕ್ಯಾಸಲ್ ಕಡೆಯದು. ಚಪ್ಪಟೆ, ತಟ್ಟೆಯಷ್ಟು ಅಗಲ, ನಡುವೆ ಬೆರಳಲ್ಲಿ ಒತ್ತಿದಂಥ ಒಂದು ಗುಳಿ. ಹಳೆ ರೂಢಿಯಲ್ಲಿ, ದಿನದ ಬ್ರೆಡ್ಡೆಲ್ಲ ಆದ ಮೇಲೆ ಮಿಕ್ಕ ಹಿಟ್ಟನ್ನು ತಟ್ಟಿ ಒಲೆಯ ತಳದ ಮೇಲೇ ಇಡುತ್ತಿದ್ದರು. ಹಾಗಾಗಿ ಅದು ಹತ್ತಿಯಂತೆ ಉಬ್ಬುವುದಿಲ್ಲ. ಒಳಗೆ ಒತ್ತಾಗಿರುತ್ತದೆ, ಜಗಿಯಬೇಕು. ಕೊಯ್ದು ಒಳಗೆ ಹ್ಯಾಮ್ ಇಟ್ಟು, ಬೇಯಿಸಿ ರುಬ್ಬಿದ ಹಳದಿ ಬಟಾಣಿ ಬೇಳೆಯ ಪೀಸ್ ಪುಡ್ಡಿಂಗ್ ಮೆತ್ತಿ ತಿನ್ನುತ್ತಾರೆ. ಆ ಊರಿನಲ್ಲೇ ಹುಟ್ಟಿದ ಗ್ರೆಗ್ಸ್ ಬೇಕರಿ ಇವತ್ತು ದೇಶದ ತುಂಬಾ ಇದೆ, ಆದರೂ ಅವರ ಸ್ಟಾಟಿ ಈಶಾನ್ಯದ್ದೇ ವಿಶೇಷ. ಇದನ್ನು ರೋಲ್ ಗುಂಪಿಗೆ ಹಾಕಿ ಸ್ಟಾಟಿ ಹುಡುಕಿದವರಿಗೆ ಮೆತ್ತನೆಯ ಆರು ರೋಲಿನ ಪ್ಯಾಕೆಟ್ ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲೇಬೇಕು. ಅಬರ್ಡೀನಿನ ಬಟರಿಯದೂ ಇದೇ ಕಥೆ. ರೋವಿ ಅಂತಲೂ ಕರೆಯುವ ಅದು ಜಿಡ್ಡು ಮತ್ತು ಉಪ್ಪು ಜಾಸ್ತಿ ಇರುವ, ಪದರ ಪದರವಾದ ಚಪ್ಪಟೆ ತಿಂಡಿ. ರೋಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಒಂದು ವಸ್ತುವಿಗೆ ಹತ್ತು ಹೆಸರು ಇದ್ದರೆ ಸಾಫ್ಟ್‌ವೇರ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಒಂದೇ ಹೆಸರಿಗೆ ಮೂರು ವಸ್ತು ಇದ್ದಾಗ ನಿಜವಾದ ಕಷ್ಟ. ಟೀಕೇಕ್ ಅಂಥದ್ದು. ಇಂಗ್ಲೆಂಡಿನ ಬಹುಪಾಲು ಕಡೆ ಅದು ಒಣದ್ರಾಕ್ಷಿ ಹಾಕಿದ, ಸ್ವಲ್ಪ ಸಿಹಿಯಾದ ಚಪ್ಪಟೆ ಬನ್ನು. ಟೋಸ್ಟ್ ಮಾಡಿ ಬೆಣ್ಣೆ ಹಚ್ಚುತ್ತಾರೆ. ಪಶ್ಚಿಮ ಯಾರ್ಕ್‌ಷೈರಿನಲ್ಲಿ ಟೀಕೇಕ್ ಅಂದರೆ ದ್ರಾಕ್ಷಿಯೇ ಇಲ್ಲದ ಸಾದಾ ಬನ್ನು, ಸ್ಯಾಂಡ್‌ವಿಚ್ ಮಾಡುವಂಥದ್ದು. ದ್ರಾಕ್ಷಿ ಬೇಕಾದರೆ ಕರಂಟ್ ಟೀಕೇಕ್ ಅಂತ ಕೇಳಬೇಕು. ಸ್ಕಾಟ್ಲೆಂಡಿಗೆ ಹೋದರೆ ಟನಕ್ಸ್ ಕಂಪನಿಯ ಟೀಕೇಕ್ ಎಲ್ಲರ ಬಾಯಲ್ಲಿದೆ. 1956ರಲ್ಲಿ ಬಾಯ್ಡ್ ಟನಕ್ ಮಾಡಿದ್ದು ಅದು. ಕೆಳಗೆ ಬಿಸ್ಕತ್ತು, ಮೇಲೆ ಗುಮ್ಮಟದಂತೆ ಮಾರ್ಷ್‌ಮ್ಯಾಲೋ, ಅದರ ಮೇಲೆ ಚಾಕೊಲೇಟ್, ಕೆಂಪು ಬೆಳ್ಳಿ ಗೆರೆಯ ಹಾಳೆ. ಒಂದೇ ಪದ ಟೈಪ್ ಮಾಡಿದ ಮೂರು ಊರಿನವರಿಗೆ ಮೂರು ಬೇರೆ ಬೇರೆ ಸಾಮಾನು ಬೇಕು.

ಹೊಸಬರಿಗೆ ಇದನ್ನು ಹೇಳಿಕೊಡುವಾಗ ನಾನು ಮಂಗಳೂರು ಬನ್ಸ್ ಎತ್ತುತ್ತೇನೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯಲ್ಲಿ ಬನ್ ಅಂದರೆ ಒಂದು, ಉಡುಪಿ ಹೋಟೆಲಿನಲ್ಲಿ ಬನ್ಸ್ ಅಂದರೆ ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದದ್ದು. ಒಂದೇ ನಿಮಿಷದಲ್ಲಿ ಅರ್ಥ ಆಗುತ್ತದೆ.

ಹೆಸರಿನ ಜೊತೆ ದುಡ್ಡೂ ತಳಕು ಹಾಕಿಕೊಂಡಿದೆ ಅನ್ನುವುದನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ಕೇಕಿಗೆ ವ್ಯಾಟ್ ಇಲ್ಲ, ಚಾಕೊಲೇಟ್ ಮೆತ್ತಿದ ಬಿಸ್ಕತ್ತಿಗೆ ಶೇ 20. ಮೆತ್ತನೆಯ ತಳ, ಕಿತ್ತಳೆ ಜೆಲ್ಲಿ, ಮೇಲೆ ಚಾಕೊಲೇಟ್ ಇರುವ ಪುಟ್ಟ ಜಾಫಾ ಕೇಕ್ ಕೇಕೋ ಬಿಸ್ಕತ್ತೋ ಅಂತ 1991ರಲ್ಲಿ ಟ್ರಿಬ್ಯೂನಲ್ ಮುಂದೆ ವಾದ ನಡೆಯಿತು. ಹಳಸಿದಾಗ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ, ಜಾಫಾ ಕೇಕ್ ಗಟ್ಟಿಯಾಗುತ್ತದೆ ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬಂತು, ಕೊನೆಗೆ ಕೇಕ್ ಅಂತಲೇ ತೀರ್ಪಾಯಿತು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯ ಚಾಕೊಲೇಟ್ ಟೀಕೇಕನ್ನು ತೆರಿಗೆಯವರು ಬಿಸ್ಕತ್ತು ಅಂತ ಇಪ್ಪತ್ತು ವರ್ಷ ನಂಬಿ ವ್ಯಾಟ್ ಹಾಕಿದ್ದರು. 1994ರಲ್ಲಿ ಅದು ಕೇಕ್ ಅಂತ ಒಪ್ಪಿದರು. ಕಟ್ಟಿದ ತೆರಿಗೆ ವಾಪಸ್ ಕೊಡುವ ಜಗಳ ಯುರೋಪಿನ ಕೋರ್ಟಿನವರೆಗೆ ಹೋಗಿ 2008ರಲ್ಲಿ ಅಲ್ಲಿ ತೀರ್ಪು ಬಂತು. ನಮ್ಮ ಪಟ್ಟಿಯಲ್ಲಿ ತೆರಿಗೆಯ ಕಾಲಂ ಹೆಸರನ್ನು ನೋಡಿ ತುಂಬುವಂತಿಲ್ಲ ಅನ್ನುವ ನಿಯಮಕ್ಕೆ ಇದೇ ಕಾರಣ.

ಅದಕ್ಕಿಂತ ಮುಖ್ಯ ಅಲರ್ಜಿಯ ವಿಷಯ. 2016ರಲ್ಲಿ ನತಾಶಾ ಎಡ್ನಾನ್ ಲಪರೂಸ್ ಅನ್ನುವ 15 ವರ್ಷದ ಹುಡುಗಿ ಒಂದು ಬ್ಯಾಗೆಟ್ (ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್) ತಿಂದು ತೀರಿಕೊಂಡಳು. ಹಿಟ್ಟಿನಲ್ಲಿ ಎಳ್ಳು ಸೇರಿತ್ತು, ಪ್ಯಾಕೆಟ್ ಮೇಲೆ ಬರೆದಿರಲಿಲ್ಲ. ಅವಳ ಹೆಸರಿನಲ್ಲೇ ಕರೆಯುವ ಕಾನೂನು 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅಂಗಡಿಯಲ್ಲೇ ತಯಾರಿಸಿ ಮೊದಲೇ ಪ್ಯಾಕ್ ಮಾಡಿ ಮಾರುವ ತಿಂಡಿಯ ಮೇಲೂ ಈಗ ಪೂರ್ತಿ ಪದಾರ್ಥಗಳ ಪಟ್ಟಿ ಇರಬೇಕು. ಬಾರ್ಮ್ ಅಂತ ಓದಿದವರಿಗೆ ಅದರ ಮೇಲೆ ಎಳ್ಳಿದೆಯೋ ಇಲ್ಲವೋ ತಿಳಿಯುವುದಿಲ್ಲ. ಹೆಸರು ಯಾವುದೇ ಇರಲಿ, ಪದಾರ್ಥದ ಪಟ್ಟಿ ಪೂರ್ತಿ ಇಲ್ಲದ ಸಾಮಾನು ನಮ್ಮ ಸೈಟಿಗೆ ಹೋಗುವಂತಿಲ್ಲ ಅಂತ ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡುತ್ತೇನೆ.

ಕಾಲದ ಜೊತೆ ಹೆಸರು ಬದಲಾಗುವುದೂ ಇದೆ. ಎರಡು ಶಾರ್ಟ್‌ಬ್ರೆಡ್ ಬಿಲ್ಲೆ, ನಡುವೆ ಜಾಮ್, ಮೇಲೆ ಬಿಳಿ ಐಸಿಂಗ್, ಒಂದು ಚೆರ್ರಿ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಎಂಪೈರ್ ಬಿಸ್ಕತ್ತು ಅನ್ನುತ್ತಾರೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಇದು ಜರ್ಮನ್ ಬಿಸ್ಕತ್ತು. ಶತ್ರು ದೇಶದ ಹೆಸರು ಬೇಡವಾಯಿತು. 1917ರಲ್ಲಿ ರಾಜಮನೆತನವೇ ತನ್ನ ಜರ್ಮನ್ ಹೆಸರು ಬಿಟ್ಟು ವಿಂಡ್ಸರ್ ಆಯ್ತು, ಬಿಸ್ಕತ್ತು ಯಾವ ಲೆಕ್ಕ ಅಲ್ವಾ. ಈಚಿನ ಉದಾಹರಣೆ ಬೇಕಾದರೆ ಫೇರಿ ಕೇಕ್. ಮಕ್ಕಳ ಹುಟ್ಟುಹಬ್ಬದ ಪುಟ್ಟ ಕೇಕಿಗೆ ಬ್ರಿಟನ್ನಿನ ಹಳೆ ಹೆಸರು ಅದು. ಅಮೆರಿಕದ ಕಪ್‌ಕೇಕ್ ಫ್ಯಾಷನ್ 2000ರ ನಂತರ ಲಂಡನ್ನಿಗೆ ಬಂದ ಮೇಲೆ ಅದರ ಜಾಗ ಚಿಕ್ಕದಾಯಿತು. ಫೇರಿ ಕೇಕ್ ಗಾತ್ರದಲ್ಲಿ ಸಣ್ಣದು, ಮೇಲೆ ತೆಳ್ಳನೆಯ ಐಸಿಂಗ್ ಅಷ್ಟೇ. ಕಪ್‌ಕೇಕಿನ ಮೇಲೆ ಬೆಣ್ಣೆ ಕ್ರೀಮಿನ ಗೋಪುರ. ಎರಡನ್ನೂ ಒಂದೇ ಅಂತ ಬರೆಯೋದು ನನಗೆ ಇಷ್ಟವಿಲ್ಲ.

ಈಗ ನಾವು ಮಾಡುವುದು ಹೀಗೆ. ವಸ್ತುವಿನ ಗುಣ ಬೇರೆ ಕಾಲಂಗಳಲ್ಲಿ: ತೂಕ, ಸಿಹಿ ಇದೆಯಾ, ಹಣ್ಣು ಇದೆಯಾ, ಹುದುಗಿಸಿದ್ದಾ, ಒಲೆಯ ತಳದಲ್ಲಿ ಬೇಯಿಸಿದ್ದಾ. ಹೆಸರುಗಳು ಇನ್ನೊಂದು ಕಡೆ, ಪ್ರತಿ ಹೆಸರಿನ ಪಕ್ಕ ಊರು. ಡೆಲಿವರಿ ವಿಳಾಸ ಲೀಡ್ಸ್ ಆಗಿದ್ದು ಟೀಕೇಕ್ ಅಂತ ಟೈಪ್ ಮಾಡಿದರೆ ಸಾದಾ ಬನ್ನು ಮೇಲೆ ಬರುತ್ತದೆ, ದ್ರಾಕ್ಷಿಯದ್ದು ಅದರ ಕೆಳಗೆ. ಗ್ಲಾಸ್ಗೋ ಆದರೆ ಚಾಕೊಲೇಟಿನದ್ದು ಮೊದಲು. ಹಳೆಯದಾಯ್ತು ಅಂತ ಯಾವ ಹೆಸರನ್ನೂ ಅಳಿಸುವುದಿಲ್ಲ, ಯಾಕೆಂದರೆ ಅದನ್ನು ಟೈಪ್ ಮಾಡುವ ಅಜ್ಜಿಯರು ಇನ್ನೂ ಇದ್ದಾರೆ. ಅನುಮಾನ ಬಂದರೆ ಆ ಊರಿನ ಅಂಗಡಿಯ ಬೇಕರಿಯಲ್ಲಿ ಕೆಲಸ ಮಾಡುವವರಿಗೇ ಫೋನ್ ಮಾಡಿ ಕೇಳುತ್ತೇವೆ. ಮ್ಯಾನೇಜರಿಗಿಂತ ಅವರ ಉತ್ತರ ನಂಬಿಕಸ್ತ.

ಸದ್ಯ ಕಾವಲಿಯ ಮೇಲೆ ಬೇಯಿಸುವ, ಮೇಲೆ ತೂತು ತೂತಾಗಿರುವ ಕ್ರಂಪೆಟ್ ಮತ್ತು ಪೈಕ್ಲೆಟ್ ನಮ್ಮ ಮುಂದಿವೆ. ಕೆಲವು ಊರಿನಲ್ಲಿ ಎರಡೂ ಒಂದೇ, ಕೆಲವು ಕಡೆ ಪೈಕ್ಲೆಟ್ ತೆಳುವಾದದ್ದು. ಸ್ಕಾಟ್ಲೆಂಡಿನವರ ಕ್ರಂಪೆಟ್ ಮತ್ತೆ ಬೇರೆ, ಅದು ತೆಳ್ಳನೆಯ ದೋಸೆ ಥರ ಇರುತ್ತದೆ. ಆ ಕಡೆಯ ಊರುಗಳಿಗೆ ಇನ್ನೂ ಫೋನ್ ಮಾಡುತ್ತಿದ್ದೇವೆ.