ಎಲ್ಲರೂ ಕೇಳುವ ಪ್ರಶ್ನೆ: ಈ ಚಳಿಯಲ್ಲಿ ವಾಕಿಂಗ್ ಬಿಡದೆ ಹೇಗೆ ಬರ್ತೀರಿ?

ಪ್ರತಿ ವರ್ಷ ನವೆಂಬರ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ತರಕಾರಿ ಅಂಗಡಿಯಲ್ಲಿ ಸಿಕ್ಕವರು ಕೇಳುತ್ತಾರೆ. ಫೋನಿನಲ್ಲಿ ತಂಗಿ ಕೇಳುತ್ತಾಳೆ. ಮಳೆಗಾಲದಲ್ಲೂ ಕೊಡೆ ಹಿಡಿದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಬರುತ್ತಿದ್ದು, ಈಗ ವಾರಕ್ಕೊಂದು ದಿನ ಮಾತ್ರ ಕಾಣುವವರು ನಿಲ್ಲಿಸಿ ಕೇಳುತ್ತಾರೆ. "ಈ ಚಳಿ, ನೆಂಟರು, ಮಕ್ಕಳ ರಜ, ಟ್ರಿಪ್ಪು, ಎಲ್ಲದರ ಮಧ್ಯೆ ನೀವು ಹೇಗ್ರೀ ಬರ್ತೀರಿ? ನಮಗೆ ಮನಸ್ಸೇ ಬರಲ್ಲ."

ಮನಸ್ಸು ನನಗೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಲಾರಂ ಹೊಡೆದಾಗ ಕಿಟಕಿಯಾಚೆ ಕತ್ತಲೆ ಇರುತ್ತದೆ, ಕೆಂಪು ಗಾರೆ ನೆಲಕ್ಕೆ ಕಾಲಿಟ್ಟರೆ ಅಂಗಾಲು ಕೊರೆಯುತ್ತದೆ, ಪಕ್ಕದ ಕೋಣೆಯಲ್ಲಿ ನೆಂಟರ ಮಕ್ಕಳು ರಗ್ಗು ಹೊದ್ದು ಬೆಚ್ಚಗೆ ಮಲಗಿರುತ್ತಾರೆ. ಆ ಹೊತ್ತಲ್ಲಿ ಯಾರಿಗೆ ತಾನೇ ಹುಮ್ಮಸ್ಸು ಬರುತ್ತದೆ? ಹುಮ್ಮಸ್ಸು ಬರಲಿ ಅಂತ ಕಾಯುವುದನ್ನು ನಾನು ಬಿಟ್ಟು ಮೂರು ವರ್ಷ ಆಯಿತು.

ಅದಕ್ಕೆ ಮುಂಚೆ ಕಾಯುತ್ತಿದ್ದೆ. ಒಂದು ವರ್ಷ ಡಿಸೆಂಬರ್ ಮೂರನೇ ವಾರ ಅಮೆರಿಕದಿಂದ ನಾದಿನಿ ಮನೆಯವರೆಲ್ಲ ಬಂದರು. ಮನೆ ತುಂಬ ಜನ, ರಾತ್ರಿ ಒಂದು ಗಂಟೆವರೆಗೆ ಮಾತು. ನಾಲ್ಕು ದಿನ ತಾನೇ, ಆಮೇಲೆ ಹೋದರಾಯಿತು ಅಂದುಕೊಂಡೆ. ಆಮೇಲೆ ಧರ್ಮಸ್ಥಳ, ಹೊರನಾಡು ಅಂತ ಹೊರಟೆವು. ಬಂದ ಮೇಲೆ ಹೊಸ ವರ್ಷಕ್ಕೆ ಶುರು ಮಾಡೋಣ ಅಂದೆ. ಹೊಸ ವರ್ಷ ಬಂದಾಗ ನೆಗಡಿ. ಸರಿ, ಸಂಕ್ರಾಂತಿ ಕಳೀಲಿ ಅಂದೆ. ಸಂಕ್ರಾಂತಿ ಕಳೆದರೂ ಬೆಳಗಿನ ಕತ್ತಲೆ ಕಳೆಯಲಿಲ್ಲ. ಕೊನೆಗೆ ನಾನು ಮತ್ತೆ ಶೂ ಹಾಕಿಕೊಂಡದ್ದು ಯುಗಾದಿ ಹೊತ್ತಿಗೆ. ಆ ವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದೆ. ಏಳುನೂರನೇ ಮೆಟ್ಟಿಲ ಹತ್ತಿರ ಇರುವ ನಂದಿಯವರೆಗೆ ಮೊದಲೆಲ್ಲ ಒಂದೇ ಸಲ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದವಳು ಅವತ್ತು ಆರು ಸಲ ಕೂತೆ. ಮಂಡಿ ನೋವು ಎರಡು ವಾರ ಬಿಡಲಿಲ್ಲ. ನಾಲ್ಕು ದಿನದ ರಜ ಮೂರು ತಿಂಗಳಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಆ ಕತ್ತಲೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಹಗಲು ಎಲ್ಲಕ್ಕಿಂತ ಚಿಕ್ಕದಾಗಿರುವುದು ಡಿಸೆಂಬರ್ 21ರ ಆಸುಪಾಸು, ನಿಜ. ಆದರೆ ನಮ್ಮ ಕಡೆ ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಜನವರಿ ಕೊನೆಯ ವಾರದಲ್ಲಿ. ಮೇ ಕೊನೆಯಲ್ಲಿ ಮೈಸೂರಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ. ಜನವರಿ ಕೊನೆಗೆ ಆರೂಮುಕ್ಕಾಲು ದಾಟುತ್ತದೆ. ಸಂಕ್ರಾಂತಿ ಆದ ಮೇಲೆ ಬೆಳಗ್ಗೆ ಬೇಗ ಬೆಳಕಾಗುತ್ತೆ ಅಂತ ಕಾದರೆ ಇನ್ನೊಂದಷ್ಟು ದಿನ ಕತ್ತಲೆಯೇ ಸಿಗುತ್ತದೆ.

ನನಗೆ ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ಒಂದು ದಿನವೂ ವ್ಯಾಯಾಮ ಅಂತ ಮಾಡಿದವರಲ್ಲ. ಆದರೆ ಧನುರ್ಮಾಸ ಬಂತು ಅಂದರೆ, ಅಂದರೆ ಡಿಸೆಂಬರ್ 16ರ ಹೊತ್ತಿನಿಂದ ಸಂಕ್ರಾಂತಿವರೆಗೆ, ವರ್ಷದಲ್ಲೇ ಚಳಿ ಜಾಸ್ತಿ ಇರುವ ಆ ತಿಂಗಳು ಪೂರ್ತಿ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ಶಾಲು ಹೊದ್ದು, ಬೀದಿ ಕೊನೆಯ ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದರು. ನಕ್ಷತ್ರ ಇನ್ನೂ ಕಾಣುತ್ತಿರುವಾಗಲೇ ಪೂಜೆ ಆಗಬೇಕು ಅನ್ನುವುದು ಪದ್ಧತಿ. ಐವತ್ತು ವರ್ಷ ಹೀಗೆ ಹೋದರು. ಜ್ವರ ಬಂದ ದಿನ ಬಿಟ್ಟರೆ ತಪ್ಪಿಸಿದ್ದಿಲ್ಲ.

ನಂದಿಯವರೆಗೆ ಹತ್ತಲು ಆರು ಸಲ ಕೂತ ಆ ವರ್ಷ ನಾನು ಅವರನ್ನೇ ಕೇಳಿದೆ. "ಅಮ್ಮ, ಆ ಚಳೀಲಿ ನಿಮಗೆ ದಿನಾ ಹೇಗೆ ಮನಸ್ಸು ಬರ್ತಿತ್ತು?" ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನಸ್ಸೇನು ಬಂತು? ಮೂವತ್ತು ದಿನ ತಾನೇ. ಪದ್ದಮ್ಮ ಗೇಟಿನ ಹತ್ತಿರ ನಿಂತಿರೋಳು. ಹೋಗದಿದ್ರೆ ಅವಳೊಬ್ಬಳೇ ಹೋಗಬೇಕಿತ್ತು. ವಾಪಸ್ ಬರುವಾಗ ಬಿಸಿ ಹುಗ್ಗಿ ಸಿಗ್ತಿತ್ತು" ಅಂದರು.

ಅಷ್ಟೇ. ಈ ನಾಲ್ಕು ಮಾತು ನನಗೆ ಸಾಕಾಯಿತು. ದಿನಗಳಿಗೆ ಲೆಕ್ಕ ಇತ್ತು, ಮುಗಿಯುವ ದಿನ ಗೊತ್ತಿತ್ತು. ಹೊತ್ತು ಗೊತ್ತಿತ್ತು, ಹೋಗುವ ಜಾಗ ಗೊತ್ತಿತ್ತು. ಗೇಟಿನ ಹತ್ತಿರ ಒಬ್ಬರು ಕಾಯುತ್ತಿದ್ದರು. ಕೊನೆಗೆ ದೊನ್ನೆಯಲ್ಲಿ ಬಿಸಿಬಿಸಿಯಾಗಿ ಏನೋ ಒಂದು ಇತ್ತು. ಇನ್ನೊಂದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಕಂಡುಕೊಂಡೆ: ದೇವಸ್ಥಾನ ದೂರ ಇರಲಿಲ್ಲ. ಮಾಡಬೇಕಾದ ಕೆಲಸ ಚಿಕ್ಕದಾಗಿತ್ತು.

ಹಾಗಾಗಿ ಈಗ ಧನುರ್ಮಾಸದ ಮೂವತ್ತು ದಿನಕ್ಕೆ ನನ್ನ ಲೆಕ್ಕವೇ ಬೇರೆ. ಉಳಿದ ತಿಂಗಳು ಕೆರೆ ಸುತ್ತ ಒಂದು ಗಂಟೆ ನಡೆಯುತ್ತೇನೆ, ಭಾನುವಾರ ಬೆಟ್ಟ. ಈ ತಿಂಗಳು ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಇಪ್ಪತ್ತಕ್ಕಿಂತ ಜಾಸ್ತಿ ಆದರೆ ಸಂತೋಷ, ಆದರೆ ಲೆಕ್ಕಕ್ಕೆ ಬೇಕಾಗಿರುವುದು ಇಪ್ಪತ್ತು. ಅದೂ ಆಗದ ದಿನ, ಕಾರಿನಲ್ಲೇ ಹಗಲು ಕಳೆದ ದಿನ, ಉಳಿದುಕೊಂಡ ಛತ್ರದ ಮೆಟ್ಟಿಲು ಐದು ನಿಮಿಷ ಹತ್ತಿ ಇಳಿಯುತ್ತೇನೆ, ಅದಕ್ಕೂ ಕ್ಯಾಲೆಂಡರಿನಲ್ಲಿ ಗುರುತು ಬೀಳುತ್ತದೆ. ಅಡುಗೆ ಮನೆ ಗೋಡೆಯ ಕ್ಯಾಲೆಂಡರು, ತಾರೀಖಿನ ಪಕ್ಕ ಕುಂಕುಮದ ಒಂದು ಚುಕ್ಕೆ. ಮನೆಯಲ್ಲಿ ಎಲ್ಲರಿಗೂ ಕಾಣುತ್ತದೆ.

ಐದು ನಿಮಿಷದಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಮೊದಲು ಒಂದು ಷರತ್ತು ಇತ್ತು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಅದು ಲೆಕ್ಕಕ್ಕೆ. 2020ರಲ್ಲಿ ಆ ಷರತ್ತನ್ನು ತೆಗೆದರು. ಈಗ ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ನನಗೆ ಇನ್ನೂ ಧೈರ್ಯ ಕೊಟ್ಟದ್ದು ಒಂದು ಹಳೆಯ ಅಧ್ಯಯನ. 1980ರ ದಶಕದ ಶುರುವಿನಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಅವರ ಜೊತೆಗಾರರು ಕೆಲವರಿಗೆ ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಸೈಕಲ್ ತುಳಿಸಿ, ಓಡಿಸಿ ಚೆನ್ನಾಗಿ ತಯಾರು ಮಾಡಿದರು. ಆಮೇಲೆ ದಿನಗಳನ್ನು ಕಡಿಮೆ ಮಾಡಿದರು. ಕೆಲವರಿಗೆ ವಾರಕ್ಕೆ ನಾಲ್ಕು ದಿನ, ಕೆಲವರಿಗೆ ಎರಡೇ ದಿನ. ಹದಿನೈದು ವಾರ ಆದ ಮೇಲೂ ಅವರ ದಮ್ಮು ಹಾಗೇ ಉಳಿದಿತ್ತು. ಆದರೆ ಅವರೇ ಆಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಬಿರುಸು ಇಳಿಸಿದವರಲ್ಲಿ ಅದು ಉಳಿಯಲಿಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸಿತು, ಯಾಕೆಂದರೆ ಗಳಿಸುವುದಕ್ಕೆ ಬೇಕಾಗುವಷ್ಟು ಕಷ್ಟ ಉಳಿಸಿಕೊಳ್ಳುವುದಕ್ಕೆ ಬೇಡ ಅಂತಾಯಿತು. ಧನುರ್ಮಾಸದ ಆ ತಿಂಗಳು ದಿನ ಕಡಿಮೆಯಾಗಲಿ, ಹೊತ್ತು ಕಡಿಮೆಯಾಗಲಿ, ಪರವಾಗಿಲ್ಲ. ನಡೆಯುವ ಇಪ್ಪತ್ತು ನಿಮಿಷ ಮಾತ್ರ ಚುರುಕಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು.

ಇನ್ನು ನೆಂಟರ ವಿಷಯ. ಮೊದಲು ನಾನು ಅವರನ್ನು ಬಿಟ್ಟು ಒಬ್ಬಳೇ ಹೋಗಲು ಸಂಕೋಚ ಪಡುತ್ತಿದ್ದೆ. ಮನೆಗೆ ಬಂದವರಿಗೆ ಕಾಫಿ ಕೊಡುವುದು ಬಿಟ್ಟು ಇವಳು ವಾಕಿಂಗ್ ಹೋದಳು ಅಂದುಕೊಂಡಾರು ಅಂತ. ಈಗ ಅವರನ್ನೇ ಕರೆದುಕೊಂಡು ಹೋಗುತ್ತೇನೆ. ಅಮೆರಿಕದಿಂದ ಬಂದವರಿಗೆ ಹೇಗೂ ಮೊದಲ ವಾರ ನಿದ್ದೆ ಹತ್ತುವುದಿಲ್ಲ, ಬೆಳಗಿನ ಜಾವ ಮೂರಕ್ಕೇ ಎದ್ದು ಕೂತಿರುತ್ತಾರೆ. ಅವರಿಗೂ ಹೊರಗೆ ಹೋಗಬೇಕು ಅನ್ನಿಸಿರುತ್ತದೆ. ಕಳೆದ ವರ್ಷ ನಾದಿನಿ, ಅವಳ ಮಗಳು, ನಾನು, ಮೂವರೂ ಕೆರೆ ಏರಿ ಮೇಲೆ ಮಂಜಿನಲ್ಲಿ ನಡೆದೆವು. ನೀರಿನ ಮೇಲೆ ಹೆಜ್ಜಾರ್ಲೆ ಹಕ್ಕಿಗಳು ತೇಲುತ್ತಿದ್ದವು. ಹುಡುಗಿ ಅವಳ ಕಾಲೇಜಿನ ವಿಷಯ, ಮನೆಯಲ್ಲಿ ಎಲ್ಲರೆದುರು ಹೇಳದ ಒಂದೆರಡು ಮಾತು, ಅಲ್ಲಿ ನಡೆಯುತ್ತಾ ಹೇಳಿದಳು. ರಾತ್ರಿ ಒಂದು ಗಂಟೆವರೆಗೆ ಕೂತು ಮಾತಾಡಿದರೂ ಬರದಿದ್ದ ಮಾತು.

ತಿನ್ನುವುದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಬೇಡ ಅನ್ನುವವಳು ನಾನಲ್ಲ, ಎಳ್ಳುಬೆಲ್ಲವನ್ನೂ ತಿನ್ನುತ್ತೇನೆ. ಆದರೆ ಒಂದನ್ನು ಗಮನಿಸಿದ್ದೇನೆ. ಅವರೆ ಹಿತಕುವುದು, ಕೊಬ್ಬರಿ ಬೆಲ್ಲ ಹೆಚ್ಚುವುದು, ಎಲ್ಲವೂ ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಹೆಂಗಸರಿಗೆ ಹಬ್ಬದ ಸಮಯದಲ್ಲಿ ಸುಸ್ತು ಜಾಸ್ತಿ, ಓಡಾಟ ಕಡಿಮೆ. ಕೆಲಸ ಮಾಡಿ ದಣಿದಿದ್ದೇನೆ, ಇನ್ನು ವ್ಯಾಯಾಮ ಯಾಕೆ ಅನ್ನಿಸುವುದು ಇದರಿಂದಲೇ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹೋಗಿ ಬನ್ನಿ, ಬೆನ್ನಿಗೆ ಆರಾಮ ಅನ್ನಿಸುತ್ತದೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಚಳಿಯಲ್ಲಿ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಹೃದಯದ ತೊಂದರೆ, ಬಿಪಿ, ಆಸ್ತಮಾ ಇರುವವರು ಕತ್ತಲಲ್ಲಿ ಎದ್ದು ಹೋಗಬೇಡಿ. ಗಾಳಿ ಅಲ್ಲಾಡದ ಚಳಿಯ ಬೆಳಗಿನಲ್ಲಿ ಹೊಗೆ ಮೇಲೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ, ನಮ್ಮ ಬೀದಿಗಳಲ್ಲಿ ತರಗೆಲೆಗೆ ಬೆಂಕಿ ಹಾಕುವುದೂ ಅದೇ ಹೊತ್ತಿಗೆ. ಬಿಸಿಲು ಬರಲಿ, ಎಂಟು ಗಂಟೆಗೆ ಹೋಗಿ, ಇಲ್ಲವೇ ಸಂಜೆ ಐದಕ್ಕೆ ಹೋಗಿ. ಡಾಕ್ಟರನ್ನು ಒಮ್ಮೆ ಕೇಳಿ. ಎಲ್ಲರೂ ಮೊದಲ ಐದು ನಿಮಿಷ ನಿಧಾನ ನಡೆಯಿರಿ, ಆಮೇಲೆ ಚುರುಕು. ಬಾಯಾರಿಕೆ ಆಗದಿದ್ದರೂ ಬಂದ ಮೇಲೆ ನೀರು ಕುಡಿಯಿರಿ.

ದಿನ ತಪ್ಪಿದರೆ? ತಪ್ಪುತ್ತದೆ. ಕಳೆದ ವರ್ಷ ಮೂವತ್ತರಲ್ಲಿ ನನಗೆ ಬಿದ್ದದ್ದು ಇಪ್ಪತ್ತಾರು ಚುಕ್ಕೆ. ಎರಡು ದಿನ ಮಾತ್ರ ಒಟ್ಟೊಟ್ಟಿಗೆ ಬಿಡುವುದಿಲ್ಲ. ಅತ್ತೆ ಈಗ ದೇವಸ್ಥಾನದವರೆಗೆ ನಡೆಯಲಾರರು, ಆದರೆ ಬೆಳಗ್ಗೆ ನಾನು ಬರುವ ಹೊತ್ತಿಗೆ ಎದ್ದು ಕ್ಯಾಲೆಂಡರಿನ ಮುಂದೆ ಕುಂಕುಮದ ಭರಣಿ ಹಿಡಿದು ನಿಂತಿರುತ್ತಾರೆ. ಚುಕ್ಕೆ ಇಡುವವರು ಅವರೇ.

ಈ ಸಲ ತಂಗಿಯೂ ಬರುತ್ತೇನೆ ಅಂದಿದ್ದಾಳೆ. ಅವಳ ಮನೆ ನಮ್ಮಿಂದ ಎರಡು ಬೀದಿ ಆಚೆ. ಧನುರ್ಮಾಸದ ಮೊದಲ ದಿನ ಆರೂಮುಕ್ಕಾಲಿಗೆ ಅವಳ ಗೇಟಿನ ಹತ್ತಿರ ನಿಂತಿರುತ್ತೇನೆ ಅಂತ ಹೇಳಿದ್ದೇನೆ. ವಾಪಸ್ ಬರುವಾಗ ದೇವಸ್ಥಾನದ ಹುಗ್ಗಿ.