ಮುಂಡಗೋಡದಿಂದ ಬೈತಖೋಲದವರೆಗೆ

ನವೆಂಬರ್ ಕೊನೆಯ ವಾರ. ಹುಬ್ಬಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿದೆವು, ನಾನು ಮತ್ತು ಅಕ್ಕನ ಮಗ. ಅವನು ಈ ವರ್ಷ ಹತ್ತನೇ ಕ್ಲಾಸು. ತಡಸ ದಾಟಿ ಉತ್ತರ ಕನ್ನಡದ ಬೋರ್ಡು ಕಾಣುತ್ತಿದ್ದಂತೆ ಮೊಬೈಲಿನಲ್ಲಿ ಏನೋ ಓದಿ ಕೇಳಿದ: "ಮಾಮಾ, ಈ ಜಿಲ್ಲೆಯೊಳಗ ಒಂದು ಚದರ ಕಿಲೋಮೀಟರಿಗೆ ಬರೇ 140 ಮಂದಿ ಅಂತ. ಹಂಗಾದ್ರ ಜಾಗ ಬೇಕಾದಷ್ಟು ಐತಿ ಅಲ್ಲ?"

ಲೆಕ್ಕ ಸರಿಯೇ ಇತ್ತು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 14,37,169. ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ರಾಜ್ಯದ ಸರಾಸರಿ 319 ಇರುವಾಗ 140 ಅಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. "ಕಾರವಾರ ಮುಟ್ಟಿದ ಮೇಲೆ ಹೇಳು" ಅಂದೆ.

ಮುಂಡಗೋಡದ ಕಡೆ ನೆಲ ಇನ್ನೂ ಬಯಲುಸೀಮೆಯಂತೆಯೇ. ಭತ್ತ, ಗೋವಿನಜೋಳದ ಹೊಲಗಳು, ಅಲ್ಲಲ್ಲಿ ಕೆರೆ. ಟಿಬೆಟಿಯನ್ ಕ್ಯಾಂಪಿನ ಭಿಕ್ಷುಗಳು ಇಬ್ಬರು ಬಸ್ಸು ಹತ್ತಿದರು, ಕಂಡಕ್ಟರ್ ಹತ್ತಿರ ನಮ್ಮಂತೆಯೇ ಕನ್ನಡದಲ್ಲಿ ಟಿಕೆಟ್ ಕೇಳಿದರು. ಸಿದ್ದಿಯರು, ಗೌಳಿಗಳು, ಮರಾಠರು, ಲಿಂಗಾಯತರು ಎಲ್ಲ ಇಲ್ಲಿ ಅಕ್ಕಪಕ್ಕದ ಊರುಗಳಲ್ಲೇ ಇದ್ದಾರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಸಾವಿರ ಮಿಲಿಮೀಟರಿನ ಆಚೆ ಈಚೆ. ಅದೇ ಜಿಲ್ಲೆಯ ಕರಾವಳಿಯಲ್ಲಿ ಮೂರು ಸಾವಿರ ದಾಟುತ್ತದೆ. ಕಡಲ ಗಾಳಿ ಘಟ್ಟಕ್ಕೆ ಬಂದು ತಾಗಿ, ಮೇಲೇರಿ, ತಣ್ಣಗಾಗಿ ಹೊತ್ತ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಘಟ್ಟದ ಈಚೆ ಬರುವಷ್ಟರಲ್ಲಿ ಮೋಡದಲ್ಲಿ ಉಳಿಯುವುದು ಕಡಿಮೆ.

ಶಿರಸಿಯಲ್ಲಿ ಒಂದು ರಾತ್ರಿ ಗೆಳೆಯನ ಮನೆ. ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟ. ಬೆಳಿಗ್ಗೆ ಎದ್ದಾಗ ಮಂಜು ಕವಿದಿತ್ತು. ಗೆಳೆಯನ ತಾಯಿ ಎರಡು ಲೋಟ ಕಷಾಯ ತಂದಿಟ್ಟು "ಮೊದಲು ಆಸ್ರಿಗೆ ಕುಡೀರಿ, ಆಮೇಲೆ ತೋಟ" ಅಂದರು.

ಅವತ್ತು ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ದಿನ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ತುದಿಯಲ್ಲಿದ್ದ. ಕೊನೆ ಕೊಯ್ದು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಿದ್ದ, ಅದು ಸುಯ್ಯೆಂದು ಜಾರಿ ಬರುತ್ತಿತ್ತು. ಕೆಳಗೆ ಒಬ್ಬರು ಹಗ್ಗದ ಇನ್ನೊಂದು ತುದಿ ಬಿಗಿಯಾಗಿ ಹಿಡಿದು ನಿಂತಿದ್ದರು. ಒಂದು ಮರ ಮುಗಿದ ಮೇಲೆ ಅವನು ಇಳಿಯಲಿಲ್ಲ. ಕೂತ ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ದಾಟಿಬಿಟ್ಟ. ಹುಡುಗನ ಬಾಯಿ ಮುಚ್ಚಲಿಲ್ಲ. "ಇವ ಬರೂದು ತಪ್ಪಿದ್ರೆ ಕೊಯ್ಲೇ ಇಲ್ಲ ನೋಡಿ. ಹತ್ತು ಮನೆಗೆ ಒಬ್ಬನೇ" ಅಂದರು ಆ ತಾಯಿ. ಅವರ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಆಚೆ ಈಚೆಯ ಮನೆಗಳಲ್ಲೂ ವಯಸ್ಸಾದವರೇ. ಅಷ್ಟು ದೊಡ್ಡ ಜಗಲಿ, ಕೂರಲು ಜನ ಇಲ್ಲ. ನನಗೆ ಆ ಜಗಲಿ ನೋಡಿ ನಿಜಕ್ಕೂ ಸಂಕಟವಾಯಿತು.

ತೋಟದ ಮೇಲೆ ಸೊಪ್ಪಿನ ಬೆಟ್ಟ. ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತಂದು ತೋಟಕ್ಕೆ ಹಾಕಬೇಕು. ಬೆಟ್ಟ ಇಲ್ಲದೆ ತೋಟ ಇಲ್ಲ. ಬೆಟ್ಟದ ಆಚೆ ದಟ್ಟ ಕಾಡು. ಜಿಲ್ಲೆಯ ಹೆಚ್ಚಿನ ನೆಲವೆಲ್ಲ ಕಾಡೇ. ಆ 140ರ ಲೆಕ್ಕಕ್ಕೆ ಕಾಡನ್ನೂ ಸೇರಿಸಿ ಭಾಗಿಸಿದ್ದಾರೆ ಅಂತ ಹುಡುಗನಿಗೆ ಹೇಳಿದೆ. ಅವನು ಸುಮ್ನೆ ಮೇಲೆ ನೋಡುತ್ತ ನಿಂತ.

ಮಧ್ಯಾಹ್ನ ದೇವಿಮನೆ ಘಟ್ಟ ಇಳಿದೆವು. ಕತಗಾಲ ಬರುವಷ್ಟರಲ್ಲಿ ಸ್ವೆಟರ್ ತೆಗೆದು ಬ್ಯಾಗಿಗೆ ತುರುಕಿದ್ದಾಯಿತು. ಮೈ ಅಂಟಂಟು. ಕುಮಟಾದ ಹತ್ತಿರ ಅಘನಾಶಿನಿ ಕಡಲು ಸೇರುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟು ಇಲ್ಲದೆ ಇಲ್ಲಿವರೆಗೆ ಬರುವ ನದಿ ಇದು. ಜಿಲ್ಲೆಯ ಇನ್ನೊಂದು ನದಿ ಕಾಳಿಯ ಕಥೆ ಬೇರೆ. ಸೂಪಾ, ಕೊಡಸಳ್ಳಿ, ಕದ್ರಾ ಅಂತ ಕಟ್ಟೆ ಮೇಲೆ ಕಟ್ಟೆ, ಹಳೆಯ ಸೂಪಾ ಊರೇ ನೀರಿನಡಿ ಹೋಯಿತು. ಅಘನಾಶಿನಿಯ ಹಿನ್ನೀರಿನ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಆ ಉಪ್ಪನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದ ಹೊತ್ತಿಗೆ ಹೆಂಗಸರು ಚಿಪ್ಪಿ ಹೆಕ್ಕುತ್ತಾರೆ. ಒಂದೇ ನೀರಿನಲ್ಲಿ ಎಷ್ಟು ಮನೆಗಳ ಒಲೆ ಉರಿಯುತ್ತದೆ ನೋಡಿ. ಇದೊಂದು ನದಿಯಾದರೂ ಹೀಗೇ ಹರಿಯಲಿ.

ಅಲ್ಲಿಂದ ಉತ್ತರಕ್ಕೆ ಹೆದ್ದಾರಿ. ಶಿರೂರು ಬಂದಾಗ ಬಸ್ಸಿನಲ್ಲಿ ಮಾತು ನಿಂತಿತು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಇಲ್ಲೇ. ರಸ್ತೆ ಬದಿಯ ಚಹಾ ಅಂಗಡಿ, ಲಾರಿ ಎಲ್ಲ ಮಣ್ಣಿನ ಜೊತೆ ಹೋದವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ, ನಡುವೆ ರಸ್ತೆ. ಪಕ್ಕದ ಸೀಟಿನ ಅಜ್ಜಿ ಕಿಟಕಿಯ ಕಡೆ ತಿರುಗಿ ಕೈ ಮುಗಿದರು.

ಅಂಕೋಲಾ ಪೇಟೆಯಲ್ಲಿ ಇಳಿದು ಊಟ ಮಾಡಿದೆವು. ಕತ್ತಿನ ತುಂಬ ಮಣಿಸರ ತೊಟ್ಟ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಬುಟ್ಟಿಯಲ್ಲಿ ಹರಿವೆ ಸೊಪ್ಪು ಇಟ್ಟುಕೊಂಡು ಕೂತಿದ್ದರು. ಸಾವಿರಾರು ಗಿಡ ನೆಟ್ಟು ಪದ್ಮಶ್ರೀ ಪಡೆದ ತುಳಸಿ ಗೌಡರು ಇದೇ ತಾಲೂಕಿನವರು, ಇದೇ ಸಮುದಾಯದವರು ಅಂತ ಹೇಳಿದಾಗ ಹುಡುಗ ಅಜ್ಜಿಯ ಹತ್ತಿರ ಎರಡು ಕಟ್ಟು ಸೊಪ್ಪು ತೆಗೆದುಕೊಂಡ. ಮನೆ ಮುಟ್ಟುವಷ್ಟರಲ್ಲಿ ಬಾಡುತ್ತದೆ ಅಂದರೂ ಕೇಳಲಿಲ್ಲ.

ಕಾರವಾರ ಹತ್ತಿರ ಬಂದಂತೆ ನೌಕಾನೆಲೆಯ ಗೋಡೆ ಶುರುವಾಗುತ್ತದೆ. ಅದರಾಚೆಯ ಕಡಲತಡಿಯ ಊರುಗಳಿಂದ ಸಾವಿರಾರು ಮನೆಯವರು ಎದ್ದು ಬೇರೆ ಕಡೆ ಹೋಗಿದ್ದಾರೆ. ದೇಶಕ್ಕೆ ನೌಕಾನೆಲೆ ಬೇಕು, ಗೊತ್ತು. ಆದರೆ ಮೀನು ಹಿಡಿಯುವವನಿಗೆ ಕಡಲು ಬಿಟ್ಟು ಎಲ್ಲಿ ಜಾಗ ಕೊಟ್ಟರೂ ಅದು ಜಾಗ ಆಗುವುದಿಲ್ಲ ಅಲ್ವಾ?

ಸಂಜೆ ಬೈತಖೋಲ ಬಂದರಿಗೆ ಹೋದೆವು. ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಹೆಂಗಸರು ಕೊಂಕಣಿಯಲ್ಲಿ ಮೀನಿನ ರೇಟು ಕೂಗುತ್ತಿದ್ದರು. ಹುಡುಗ ಸೊಪ್ಪಿನ ಚೀಲ ಹಿಡಿದು ನಿಂತು ಹಿಂದಿನ ಗುಡ್ಡ ನೋಡಿದ, ಮುಂದಿನ ನೀರು ನೋಡಿದ.

"ಮಾಮಾ, ಗುಡ್ಡದಿಂದ ಇಲ್ಲೀತನಕ ನಡದ್ರ ಹತ್ತು ನಿಮಿಷ ಆಗಂಗಿಲ್ಲ" ಅಂದ.